ಹಿರೇಬಾವಿಯ ಕೂಲಿ

"ಬುದ್ಧಿ, ಮನೆಯಲ್ಲೇ ಕೂತು ಕೆಲಸ ಮಾಡುವವಳಿಗೆ ಬೆಂಗಳೂರಿನ ಸಂಬಳ ಯಾಕೆ ಕೊಡಬೇಕು?" ಎಂದು ಪಂಪಾಪತಿ ಮಠದ ಗುರುಗಳನ್ನು ಕೇಳಿದ.

ಪಂಪಾಪತಿ ಇಪ್ಪತ್ತು ವರ್ಷದಿಂದ ಮಠಕ್ಕೆ ನಡೆದುಕೊಳ್ಳುವ ಶಿಷ್ಯ. ಬೆಂಗಳೂರಿನಲ್ಲಿ ಅವನದೊಂದು ಕಂಪನಿ. ಬೇರೆಯವರಿಗೆ ಬೇಕಾದ ಕೈಪಿಡಿ, ವರದಿ, ಪಾಠಗಳನ್ನು ಬರೆಸಿ ಕೊಡುವುದು ಅದರ ಕಸುಬು. ಬರೆಯುವವರು ನೂರಿಪ್ಪತ್ತು ಜನ, ಎಲ್ಲರೂ ಅವರವರ ಮನೆಯಲ್ಲೇ ಕೂತು ಬರೆಯುತ್ತಾರೆ. ಅವರಲ್ಲಿ ಶಶಿರೇಖಾ ಎಂಬುವಳು ಆರು ವರ್ಷದಿಂದ ಇದ್ದಾಳೆ. ಈಗ ಆರು ತಿಂಗಳ ಹಿಂದೆ ಅವಳು ಬೆಂಗಳೂರಿನ ಬಾಡಿಗೆ ಮನೆ ಖಾಲಿ ಮಾಡಿ ರಾಣೆಬೆನ್ನೂರಿಗೆ ಹೋಗಿ ನೆಲೆಸಿದಳು. ಕೆಲಸ ಮೊದಲಿನಷ್ಟೇ ಬರುತ್ತಿದೆ, ಸಂಬಳವೂ ಮೊದಲಿನಷ್ಟೇ ಹೋಗುತ್ತಿದೆ. ಪಂಪಾಪತಿಗೆ ಅದು ಹೊಟ್ಟೆಯಲ್ಲಿ ಅರಗಲಿಲ್ಲ. ರಾಣೆಬೆನ್ನೂರಿನಲ್ಲಿ ಮನೆ ಬಾಡಿಗೆ ಎಷ್ಟು, ಅಕ್ಕಿ ಎಷ್ಟು, ಹಾಲು ಎಷ್ಟು ಎಂದು ನೆಂಟರಿಂದ ಕೇಳಿ ತಿಳಿದುಕೊಂಡ. ಅರ್ಧ ಕೊಟ್ಟರೂ ಅವಳು ರಾಣಿಯಂತೆ ಇರಬಹುದು ಎಂದು ಅವನಿಗೆ ತೋರಿತು. ಆದರೂ ಮನಸ್ಸಿನ ಮೂಲೆಯಲ್ಲಿ ಏನೋ ಚುಚ್ಚುತ್ತಿತ್ತು. ಗುರುಗಳ ಬಾಯಿಂದ ಹೂಂ ಎನಿಸಿಕೊಂಡರೆ ಆ ಮುಳ್ಳೂ ಬೀಳುತ್ತದೆ ಎಂದುಕೊಂಡು ಮಠಕ್ಕೆ ಬಂದಿದ್ದ.

ಗುರುಗಳು ಕೇಳಿದ್ದು ಒಂದೇ ಮಾತು. ಬೆಂಗಳೂರಿನಲ್ಲಿ ಇದ್ದಾಗ ಅವಳು ಸಂಬಳ ಹೆಚ್ಚಿಸಿ ಎಂದು ಕೇಳಿದ್ದಳೆ?

"ಕೇಳಿದ್ದಳು ಬುದ್ಧಿ. ಬಾಡಿಗೆ ಏರಿದೆ ಅಂದಳು, ನೀರಿನ ಟ್ಯಾಂಕರಿಗೆ ಬೇರೆ ಕೊಡಬೇಕು ಅಂದಳು. ಮನೆಯಲ್ಲಿ ಕೂತು ಮಾಡುವ ಕೆಲಸಕ್ಕೆ ಬೆಂಗಳೂರೇ ಯಾಕಮ್ಮಾ ಬೇಕು ಅಂದೆ."

ಗುರುಗಳು ಶಾಂತ ಸ್ವಭಾವದವರಲ್ಲ. ಮಠದಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ ಅದು. ಅವರು ಪಂಪಾಪತಿಯ ಮುಖವನ್ನು ಒಂದು ಗಳಿಗೆ ದಿಟ್ಟಿಸಿ ನೋಡಿದರು. ಏಳಲು ಹೊರಟವನಿಗೆ ಕೂರು ಎಂದು ಕೈ ಮಾಡಿದರು. ಆಮೇಲೆ ಹೇಳತೊಡಗಿದರು.

ಒಂದು ರಾಜಧಾನಿ. ಅಲ್ಲಿ ಒಬ್ಬ ವರ್ತಕ. ತಾಳೆಗರಿಯ ಗ್ರಂಥಗಳನ್ನು ಪ್ರತಿ ಮಾಡಿಸಿ ಮಾರುವುದು ಅವನ ವ್ಯಾಪಾರ. ನಲವತ್ತು ಜನ ಲಿಪಿಕಾರರು ಅವನ ಚಾವಡಿಯಲ್ಲಿ ಸಾಲಾಗಿ ಕೂತು ಕಂಠವೆಂಬ ಕಬ್ಬಿಣದ ಲೇಖನಿಯಿಂದ ಓಲೆಯ ಮೇಲೆ ಅಕ್ಷರ ಕೊರೆಯುತ್ತಿದ್ದರು. ಚಾವಡಿಗೆ ಆಳೆತ್ತರದ ಕಿಟಕಿಗಳು. ಮಧ್ಯಾಹ್ನಕ್ಕೆ ವರ್ತಕನ ಕಡೆಯಿಂದ ಅನ್ನ, ಸಾರು, ಮಜ್ಜಿಗೆ. ಕುಡಿಯುವ ನೀರು ಅವನದು, ಮೋಡ ಕವಿದ ದಿನ ದೀಪದ ಎಣ್ಣೆ ಅವನದು, ಕೂರುವ ಚಾಪೆಯೂ ಅವನದೇ. ಧರ್ಮಕ್ಕೆ ಕೊಡುತ್ತಿದ್ದ ಎಂದುಕೊಳ್ಳಬೇಡ. ಕಣ್ಣು ಕಾಣದೆ, ಹೊಟ್ಟೆಗಿಲ್ಲದೆ ಯಾರೂ ಬರೆಯಲಾರರು ಎಂಬುದು ಅವನಿಗೆ ಗೊತ್ತಿತ್ತು. ಅಷ್ಟೇ.

ಒಂದು ವರ್ಷ ಊರಿಗೆ ಕೆಟ್ಟ ಜ್ವರ ಬಂತು. ಜನ ಒಂದೆಡೆ ಸೇರಬಾರದೆಂದು ಅರಸ ಡಂಗುರ ಹೊಡೆಸಿದ. ವರ್ತಕ ಓಲೆಯ ಕಟ್ಟುಗಳನ್ನು ಲಿಪಿಕಾರರ ಮನೆಮನೆಗೆ ಕಳಿಸಿ, ಅಲ್ಲೇ ಬರೆಯಿರಿ ಎಂದ. ಅವರು ಬರೆದರು. ಪಕ್ಕದ ಮನೆಯಲ್ಲಿ ಹೆಣ ಎತ್ತುತ್ತಿದ್ದರೂ ಬರೆದರು. ಒಂದು ಗ್ರಂಥವೂ ತಡವಾಗಲಿಲ್ಲ. ಜ್ವರ ಇಳಿಯಿತು, ಅಂಗಡಿ ಬೀದಿ ತೆರೆಯಿತು, ಚಾವಡಿಯ ಬಾಗಿಲು ಮಾತ್ರ ತೆರೆಯಲಿಲ್ಲ. ವರ್ತಕ ಅದನ್ನು ಒಬ್ಬ ರೇಷ್ಮೆ ವ್ಯಾಪಾರಿಗೆ ಬಾಡಿಗೆಗೆ ಕೊಟ್ಟಿದ್ದ. ಲಿಪಿಕಾರರನ್ನು ಕರೆಸಿ, ಇನ್ನು ಮೇಲೆ ಯಾರೂ ಬಿಸಿಲಲ್ಲಿ ನಡೆದು ಬರುವುದು ಬೇಡ, ಹೆಂಡತಿ ಮಕ್ಕಳ ಮುಖ ನೋಡಿಕೊಂಡು ನಿಮ್ಮ ನಿಮ್ಮ ಮನೆಯಲ್ಲೇ ಹಾಯಾಗಿ ಬರೆಯಿರಿ ಎಂದ. ಮಾತು ಎಂದರೆ ಬೆಣ್ಣೆ.

ಆ ನಲವತ್ತು ಜನ ಏನು ಮಾಡಿದರು ಗೊತ್ತೆ? ತಮ್ಮ ತಮ್ಮಲ್ಲೇ ದುಡ್ಡು ಕೂಡಿಸಿ, ಸೇವಂತಿಗೆ ಹಾರ ತಂದು ಅವನ ಕೊರಳಿಗೆ ಹಾಕಿದರು. ಚಾವಡಿ ಹೋಯಿತು, ಅನ್ನ ಹೋಯಿತು, ನೀರು, ಎಣ್ಣೆ, ಚಾಪೆ ಎಲ್ಲವೂ ಹೋಯಿತು. ಹೋದದ್ದಕ್ಕೆಲ್ಲ ಹಾರ ಹಾಕಿ ಬಂದರು. ಓದುಬರಹ ಬಲ್ಲವರು ಮೋಸ ಹೋಗುವ ರೀತಿಯೇ ಬೇರೆ, ಪಂಪಾಪತಿ. ಅವರು ಕೈ ಮುಗಿದು ಮೋಸ ಹೋಗುತ್ತಾರೆ.

ಅವರಲ್ಲಿ ಕಲ್ಲಯ್ಯ ಎಂಬ ಲಿಪಿಕಾರನಿದ್ದ. ಹೆಂಡತಿ ಚಂದವ್ವ, ನಾಲ್ಕು ವರ್ಷದ ಮಗಳು. ಹಿಂದೆ ಅವರಿಗೆ ಎರಡು ಕತ್ತಲೆ ಕೋಣೆಯ ಮನೆ ಸಾಕಾಗಿತ್ತು, ಯಾಕೆಂದರೆ ಹಗಲೆಲ್ಲ ಅವನು ಚಾವಡಿಯಲ್ಲಿ ಇರುತ್ತಿದ್ದ. ಈಗ ಮನೆಯಲ್ಲೇ ಬರೆಯಬೇಕು. ಬರೆಯಲು ಬೆಳಕು ಬೇಕು, ಬೆಳಕಿಗೆ ಕಿಟಕಿ ಬೇಕು. ನಲವತ್ತು ಜನ ಒಟ್ಟಿಗೆ ಕಿಟಕಿ ಹುಡುಕಿಕೊಂಡು ಬೀದಿಗೆ ಬಿದ್ದರೆ ಮನೆಯ ಯಜಮಾನರಿಗೆ ತಿಳಿಯದೆ ಇರುತ್ತದೆಯೆ? ಅವರೇನು ಕಿವಿಗೆ ಹೂವಿಟ್ಟುಕೊಂಡು ಕೂತಿದ್ದರೆ? ಕಿಟಕಿ ಇಲ್ಲದ ಕೋಣೆಗೆ ಒಂದು ಬಾಡಿಗೆ, ಕಿಟಕಿ ಇದ್ದದ್ದಕ್ಕೆ ಎರಡರಷ್ಟು, ಮೂಡಲ ಕಡೆ ಕಿಟಕಿ ಇದ್ದರೆ ಮೂರರಷ್ಟು. ಸೂರ್ಯನಿಗೆ ಇವರೇ ಕಂದಾಯ ಕಟ್ಟಿ ಕರೆಸಿದ್ದಾರೋ ಎಂಬಂತೆ ಮಾತಾಡುತ್ತಿದ್ದರು.

ಕಲ್ಲಯ್ಯನಿಗೆ ಸಿಕ್ಕಿದ್ದು ಒಂದೇ ಒಂದು ಕೋಣೆ. ಕಿಟಕಿ ಇತ್ತು. ಬರೆಯುವ ಹಲಗೆ ಹಾಕಿದರೆ ಒಬ್ಬ ಮನುಷ್ಯ ಕಾಲು ಮಡಚಿ ಮಲಗಬಹುದು. ಮೂವರಿಗೆ ಜಾಗವಿಲ್ಲ. ಕೊನೆಗೆ ಅವನು ಚಂದವ್ವನನ್ನೂ ಮಗಳನ್ನೂ ಅವಳ ಅಣ್ಣನ ಊರಿಗೆ ಕರೆದುಕೊಂಡು ಹೋಗಿ ಬಿಟ್ಟು ಬಂದ. ಹೆಂಡತಿ ಮಕ್ಕಳ ಮುಖ ನೋಡಿಕೊಂಡು ಬರೆಯಿರಿ ಎಂದಿದ್ದನಲ್ಲ ವರ್ತಕ, ಬರೆಯುವುದಕ್ಕಾಗಿಯೇ ಅವನು ಹೆಂಡತಿ ಮಕ್ಕಳನ್ನು ಬಿಟ್ಟು ಬರಬೇಕಾಯಿತು. ನಗು ಬರುತ್ತದೆಯೆ ನಿನಗೆ? ನನಗೆ ಬರುವುದಿಲ್ಲ.

ತಿಂಗಳಿಗೊಮ್ಮೆ ಅಮಾವಾಸ್ಯೆಗೆ ಅವನು ಆ ಊರಿಗೆ ಹೋಗುತ್ತಿದ್ದ. ಎರಡನೆಯ ತಿಂಗಳಿಗೇ ಚಂದವ್ವನ ಅತ್ತಿಗೆಯ ಮುಖ ಸಣ್ಣಗಾಗಿತ್ತು. ಚಂದವ್ವ ಬಾಯಿ ಬಿಟ್ಟು ಏನೂ ಹೇಳುತ್ತಿರಲಿಲ್ಲ, ಆದರೆ ಎಲ್ಲರದೂ ಆದ ಮೇಲೆ ಉಣ್ಣುತ್ತಿದ್ದಳು. ಐದನೆಯ ತಿಂಗಳು ಅವನು ಹೋದಾಗ ಮಗಳು ಓಡಿ ಬರಲಿಲ್ಲ. ಯಾರೋ ನೆಂಟರು ಬಂದರೆಂದು ಕದದ ಹಿಂದೆ ನಿಂತು ನೋಡಿದಳು. ಅಂದು ಕಲ್ಲಯ್ಯ ನಿಶ್ಚಯ ಮಾಡಿದ. ಹೊಟ್ಟೆಗೆ ಗಂಜಿಯೇ ಇರಲಿ, ಮೂವರೂ ಒಂದೇ ಸೂರಿನಡಿ ಇರಬೇಕು. ಅವನಿಗೆ ಬೇಕಾಗಿದ್ದು ಇದೊಂದೇ. ಹೊನ್ನು ಬೇಡ, ಬಿರುದು ಬೇಡ.

ಅವನು ವರ್ತಕನ ಅಂಗಡಿಗೆ ಹೋಗಿ ಕೈಕಟ್ಟಿ ನಿಂತ. ಬಾಡಿಗೆ ಹೀಗೆ ಏರಿದೆ, ಬಾವಿಯವರು ಕೊಡಕ್ಕೆ ಇಷ್ಟು ಎಂದು ಕೇಳುತ್ತಾರೆ, ಎಣ್ಣೆಯ ಬೆಲೆ ಕೇಳುವ ಹಾಗಿಲ್ಲ, ಕೂಲಿಯನ್ನು ಸ್ವಲ್ಪ ಹೆಚ್ಚು ಮಾಡಿದರೆ ಇನ್ನೊಂದು ಕೋಣೆ ಹಿಡಿದು ಹೆಂಡತಿ ಮಗಳನ್ನು ಕರೆತರುತ್ತೇನೆ ಎಂದ. ವರ್ತಕ ಸಿಟ್ಟಾಗಲಿಲ್ಲ. ಕೂರಿಸಿ, ಎಲೆ ಅಡಿಕೆ ಕೊಟ್ಟು ಹೇಳಿದ.

"ಕಲ್ಲಯ್ಯ, ನೀನು ಬರೆಯುವುದು ಮನೆಯಲ್ಲಿ. ಆ ಮನೆ ರಾಜಧಾನಿಯಲ್ಲೇ ಇರಬೇಕೆಂದು ನಾನು ಹೇಳಿದೆನೆ? ನಿನ್ನ ಊರಿನ ಖರ್ಚನ್ನು ನನ್ನ ತಲೆಗೆ ಕಟ್ಟಬೇಡ. ನಾನು ಕೂಲಿ ಕೊಡುವುದು ಬರಹಕ್ಕೆ, ನಿನ್ನ ಕಿಟಕಿಗಲ್ಲ."

ಕಲ್ಲಯ್ಯ ಅಡಿಕೆ ಅಗಿಯುತ್ತ ಯೋಚಿಸಿದ. ಯೋಚಿಸಿದಷ್ಟೂ ಮಾತು ನ್ಯಾಯವಾಗಿಯೇ ಕಂಡಿತು. ಹೌದಲ್ಲ, ಬರಹಕ್ಕೆ ಕೂಲಿ. ಬರಹ ಎಲ್ಲಿ ಕೂತು ಬರೆದರೇನು? ಇಷ್ಟು ದಿನ ಈ ದರಿದ್ರ ಕೋಣೆಗೆ ದುಡಿದು ಹಾಕಿದೆನಲ್ಲ ಎಂದು ತನ್ನನ್ನೇ ಬೈದುಕೊಂಡ. ವರ್ತಕನಿಗೆ ಮತ್ತೊಮ್ಮೆ ಕೈ ಮುಗಿದು ಎದ್ದು ಬಂದ.

ರಾಜಧಾನಿಯಿಂದ ಅರ್ಧ ದಿನದ ದಾರಿಯಲ್ಲಿ ಹಿರೇಬಾವಿ ಎಂಬ ಹಳ್ಳಿ. ಅಲ್ಲಿ ಒಂದು ಮನೆ ಸಿಕ್ಕಿತು. ಮೂರು ಕಿಟಕಿ, ಹಿತ್ತಿಲು, ನೀರಿಗೆ ಊರ ಬಾವಿ. ಬಾಡಿಗೆ ರಾಜಧಾನಿಯ ಕಿಟಕಿಯ ಕಾಲು ಭಾಗವೂ ಇಲ್ಲ. ವಾರಕ್ಕೊಮ್ಮೆ ಕಾವಡಿಯವನೊಬ್ಬ ಆ ದಾರಿಯಾಗಿ ರಾಜಧಾನಿಗೆ ಹೋಗುತ್ತಿದ್ದ, ಓಲೆಯ ಕಟ್ಟನ್ನು ಅವನ ಕೈಯಲ್ಲಿ ಕಳಿಸಿದರಾಯಿತು. ಕಲ್ಲಯ್ಯ ಹೋಗಿ ಚಂದವ್ವನನ್ನೂ ಮಗಳನ್ನೂ ಕರೆತಂದ. ಮೊದಲ ವಾರ ಮಗಳು ಅವನಿಂದ ದೂರ ದೂರವೇ ಇದ್ದಳು. ಎರಡನೆಯ ವಾರ ಬಂದು ಹಲಗೆಯ ಪಕ್ಕ ಕೂತಳು. ಮೂರನೆಯ ವಾರ ಮಸಿ ಎಣ್ಣೆ ಸವರಿದ ಓಲೆಯನ್ನು ಬಟ್ಟೆಯಿಂದ ಒರೆಸಿ ಕೊಟ್ಟಳು. ಕಲ್ಲಯ್ಯನ ಕೈಗೆ ಹಿಂದೆಂದೂ ಇಲ್ಲದ ಹದ ಬಂತು. ಒಂದು ಅಕ್ಷರ ತಪ್ಪಲಿಲ್ಲ, ಒಂದು ಸಾಲು ವಾಲಲಿಲ್ಲ. ಅದೊಂದು ವೈದ್ಯ ಗ್ರಂಥ, ಜ್ವರದ ಮದ್ದುಗಳದ್ದು. ನೂರಾ ಎಂಟು ಓಲೆ. ಒಂದು ದಿನವೂ ತಡಮಾಡದೆ ಮುಗಿಸಿದ.

ಈಗ ಲಿಪಿಕಾರರ ಪದ್ಧತಿಯೊಂದನ್ನು ಹೇಳಬೇಕು. ಗ್ರಂಥ ಮುಗಿದ ಮೇಲೆ, ಕೊನೆಯ ಓಲೆಯಲ್ಲಿ ಉಳಿದ ಜಾಗದಲ್ಲಿ, ಲಿಪಿಕಾರ ಒಂದು ಸಾಲು ಬರೆಯುತ್ತಾನೆ. ಇಂಥ ಸಂವತ್ಸರ, ಇಂಥ ತಿಂಗಳು, ಇಂಥ ಊರಿನಲ್ಲಿ ಕೂತು ಇಂಥವನು ಬರೆದು ಮುಗಿಸಿದ್ದು ಎಂದು. ಇಡೀ ಗ್ರಂಥದಲ್ಲಿ ಅವನದು ಎಂಬುದು ಆ ಒಂದು ಸಾಲು. ಉಳಿದದ್ದೆಲ್ಲ ಬೇರೆಯವರ ಮಾತು. ಕಲ್ಲಯ್ಯ ಎಂದಿನಂತೆ ಬರೆದ, ಹಿರೇಬಾವಿಯಲ್ಲಿ ಕೂತು ಎಂದು ಬರೆದ. ಅವನಿಗೆ ಬೇರೆ ಏನೂ ಹೊಳೆಯಲಿಲ್ಲ.

ವರ್ತಕನಿಗೂ ಒಂದು ಪದ್ಧತಿ ಇತ್ತು. ಕಟ್ಟು ಬಂದ ಕೂಡಲೇ ಅವನು ದಾರ ಬಿಚ್ಚಿ ಓಲೆ ಎಣಿಸುತ್ತಿದ್ದ, ಆಮೇಲೆ ಕೊನೆಯ ಓಲೆಯ ಆ ಒಂದು ಸಾಲು ನೋಡುತ್ತಿದ್ದ. ಅಷ್ಟಕ್ಕೆ ಅವನ ಓದು ಮುಗಿಯಿತು.

ಮುಂದಿನ ವಾರ ಕಾವಡಿಯವನು ಕೂಲಿ ತಂದ. ಅರ್ಧ ಇತ್ತು. ದಾರಿಯಲ್ಲಿ ಎಲ್ಲೋ ಬಿದ್ದಿರಬೇಕೆಂದು ಕಲ್ಲಯ್ಯ ಅವನ ಚೀಲ ಕೊಡವಿ ನೋಡಿದ. ಕಾವಡಿಯವನು ವರ್ತಕನ ಮಾತನ್ನು ಒಪ್ಪಿಸಿದ. ಹಿರೇಬಾವಿಯಲ್ಲಿ ಅಕ್ಕಿ ಅರ್ಧ ಬೆಲೆ, ಮನೆ ಕಾಲು ಬೆಲೆ. ಹಿರೇಬಾವಿಯಲ್ಲಿ ಇರುವವನಿಗೆ ಹಿರೇಬಾವಿಯ ಕೂಲಿ. ಇಷ್ಟು ಕೊಟ್ಟದ್ದೂ ಹಳೆಯ ವಿಶ್ವಾಸಕ್ಕೆ.

ಕಲ್ಲಯ್ಯ ಹೇಳಿ ಕಳಿಸಿದ, ನೀವೇ ಹೇಳಿದಿರಿ ಬರಹಕ್ಕೆ ಕೂಲಿ ಎಂದು. ವರ್ತಕ ಹೇಳಿ ಕಳಿಸಿದ, ಊರು ನೋಡಿ ಕೂಲಿ ಕೊಡುವುದು ಲೋಕದ ರೂಢಿ. ನೋಡು, ಒಂದೇ ನಾಲಿಗೆ. ಕಲ್ಲಯ್ಯ ಕೂಲಿ ಏರಿಸಿ ಎಂದು ಕೇಳಿದಾಗ ಊರಿಗೂ ಕೂಲಿಗೂ ಸಂಬಂಧವೇ ಇರಲಿಲ್ಲ. ಈಗ ಇಳಿಸುವಾಗ ಸಂಬಂಧ ಹುಟ್ಟಿಕೊಂಡಿತು. ಆ ಸಂಬಂಧ ಹುಟ್ಟಿದ ಗಳಿಗೆಯನ್ನು ಯಾವ ಪಂಚಾಂಗದಲ್ಲಿ ಹುಡುಕುವುದು?

ಅರ್ಧ ಕೂಲಿಯಲ್ಲಿ ಹಿರೇಬಾವಿಯೂ ಸಾಗದು. ಕಂಠ, ಮಸಿ, ಎಣ್ಣೆ ಎಲ್ಲವನ್ನೂ ಅವನೇ ರಾಜಧಾನಿಯಿಂದ ತರಿಸಬೇಕು, ರಾಜಧಾನಿಯ ಬೆಲೆಗೆ. ಕಾವಡಿಯವನಿಗೂ ಅವನೇ ಕೊಡಬೇಕು. ಜೊತೆಯ ಲಿಪಿಕಾರರು ಬುದ್ಧಿ ಹೇಳಿ ಕಳಿಸಿದರು. ನಮ್ಮಲ್ಲಿಯೂ ಹತ್ತು ಜನ ಹಳ್ಳಿಗೆ ಹೋಗಿದ್ದಾರೆ, ರಾಜಧಾನಿಯಲ್ಲಿ ಕೂತು ಎಂದೇ ಬರೆಯುತ್ತಾರೆ, ನೀನೊಬ್ಬ ಯಾವ ಸತ್ಯಸಂಧ ಬಂದೆ ಎಂದು. ಚಂದವ್ವನೂ ಹೇಳಿದಳು. ಅವಳು ಅತ್ತು ಕರೆದು ಮಾಡಲಿಲ್ಲ. ಅಣ್ಣನ ಮನೆಗೆ ಮತ್ತೆ ಕಳಿಸಬೇಡಿ, ಒಂದು ಊರಿನ ಹೆಸರು ತಾನೇ, ಬರೆದುಬಿಡಿ ಎಂದಳು.

ಕಲ್ಲಯ್ಯ ಮುಂದಿನ ಗ್ರಂಥದ ಕೊನೆಗೆ ಬಂದಾಗ ಬಹಳ ಹೊತ್ತು ಕಂಠ ಹಿಡಿದು ಕೂತ. ಮೂವತ್ತು ವರ್ಷ ಅವನು ಬೇರೆಯವರ ಗ್ರಂಥದಲ್ಲಿ ಒಂದು ಕೊಂಬು, ಒಂದು ಇಳಿ ಬದಲಿಸಿದವನಲ್ಲ. ತನ್ನದೆಂಬ ಒಂದೇ ಸಾಲಿನಲ್ಲಿ ಸುಳ್ಳು ಬರೆದರೆ ತನ್ನದೆಂದು ಏನು ಉಳಿಯಿತು? ಕೈ ಒಪ್ಪಲಿಲ್ಲ. ಹಿರೇಬಾವಿ ಎಂದೇ ಬರೆದ. ಹುಚ್ಚ ಅನ್ನು, ಬೇಡ ಅನ್ನುವುದಿಲ್ಲ. ನಾನೂ ಅವನನ್ನು ಎಷ್ಟೋ ಸಲ ಹುಚ್ಚ ಎಂದುಕೊಂಡಿದ್ದೇನೆ. ಆದರೆ ಇಂಥ ಹುಚ್ಚರು ಬರೆದಿಟ್ಟದ್ದರಿಂದಲೇ ನಾವು ಇವತ್ತು ಓದುತ್ತಿದ್ದೇವೆ. ಮತ್ತೆ ಅರ್ಧ ಕೂಲಿ ಬಂತು. ಮನೆಯಲ್ಲಿ ಒಂದು ಹೊತ್ತಿನ ಒಲೆ ಆರಿತು. ದೀಪಾವಳಿಯ ತನಕ ನೋಡೋಣ, ಆಗಲೂ ವರ್ತಕ ಪೂರ್ತಿ ಕೂಲಿ ಕೊಡದಿದ್ದರೆ ಮನೆ ಬಿಡಬೇಕು ಎಂದು ಗಂಡ ಹೆಂಡತಿ ಮಾತಾಡಿಕೊಂಡರು.

ದೀಪಾವಳಿಗೆ ಮೊದಲೇ ಕರೆ ಬಂತು. ನಿನ್ನ ವೈದ್ಯ ಗ್ರಂಥದಲ್ಲಿ ದೋಷವಿದೆ, ಕೂಡಲೇ ಬಾ ಎಂದು. ಕಲ್ಲಯ್ಯ ಬೆಳಗಿನ ಜಾವ ಹೊರಟು ಮಧ್ಯಾಹ್ನಕ್ಕೆ ಅಂಗಡಿ ತಲುಪಿದ. ಅಲ್ಲಿ ಒಬ್ಬ ವೈದ್ಯ ಕೂತಿದ್ದ, ಮುಖ ಕೆಂಡವಾಗಿತ್ತು. ಕಲ್ಲಯ್ಯ ಬರೆದ ಆ ಗ್ರಂಥವನ್ನು ಕೊಂಡವನು ಅವನೇ. ಅದರ ಕಡೆಯ ಮದ್ದನ್ನು ಅದರಲ್ಲಿ ಇದ್ದ ಹಾಗೆಯೇ ಕುಂಬಾರರ ಮಗುವೊಂದಕ್ಕೆ ಕೊಟ್ಟಿದ್ದ. ಮಗು ಮೂರು ದಿನ ಕಣ್ಣು ತೆರೆಯಲಿಲ್ಲ. ಪುಣ್ಯ, ಉಳಿಯಿತು. ಆಮೇಲೆ ಅವನು ಬೇರೆ ಪ್ರತಿಯನ್ನು ಕಂಡಿದ್ದ ಹಿರಿಯ ವೈದ್ಯರೊಬ್ಬರನ್ನು ಕೇಳಿದ. ಕೊನೆಯಲ್ಲಿ ಮಕ್ಕಳ ಪ್ರಮಾಣದ ಮಾತು ಇರಬೇಕು, ನಿನ್ನ ಪ್ರತಿಯಲ್ಲಿ ಅದೇ ಇಲ್ಲ, ಏನಿತ್ತೆಂದು ನನಗೂ ನೆನಪಿಲ್ಲ ಎಂದರು ಅವರು.

ವರ್ತಕ ಕಲ್ಲಯ್ಯನ ಕಡೆ ಕೈ ತೋರಿಸಿ ಹೇಳಿದ, "ನೋಡಿ ಸ್ವಾಮಿ, ಬರೆದವನು ಇವನೇ. ಹಳ್ಳಿಯಲ್ಲಿ ಕೂತು ಬರೆಯುತ್ತಾನೆ. ಅರ್ಧ ಕೂಲಿಯ ಬರಹ, ಹೀಗೇ ಇರುತ್ತದೆ."

ವೈದ್ಯ ಗ್ರಂಥವನ್ನು ತಿರುವಿ ಕೊನೆಯ ಓಲೆ ಓದಿದ. "ಇಲ್ಲಿ ರಾಜಧಾನಿಯಲ್ಲಿ ಕೂತು ಬರೆದದ್ದು ಎಂದಿದೆ. ನೀವು ನನ್ನಿಂದ ತೆಗೆದುಕೊಂಡದ್ದೂ ರಾಜಧಾನಿಯ ಬೆಲೆ."

ವರ್ತಕ ನಾಲಿಗೆ ಕಚ್ಚಿಕೊಂಡ. ಕಲ್ಲಯ್ಯ ಕೈ ಚಾಚಿ ಗ್ರಂಥ ತೆಗೆದುಕೊಂಡ. ನೂರಾ ಏಳು ಓಲೆ ಅವನ ಕೈಯವು. ನೂರಾ ಎಂಟನೆಯದು ಬೇರೆಯವರದು. ಅಂಗಡಿಯ ಗುಮಾಸ್ತ ತಲೆ ತಗ್ಗಿಸಿದ್ದನ್ನು ಅವನು ನೋಡಿದ. ಗುಮಾಸ್ತನ ಹಿಂದಿನ ಹಲಗೆಯ ಮೇಲೆ ಒಂದು ಕಟ್ಟು ಇತ್ತು. ಎಲ್ಲವೂ ಕೊನೆಯ ಓಲೆಗಳೇ, ಎಲ್ಲದರಲ್ಲೂ ರಾಜಧಾನಿಯಲ್ಲಿ ಕೂತು ಎಂದು ಮೊದಲೇ ಬರೆಸಿ ಇಟ್ಟಿದ್ದರು. ಕಲ್ಲಯ್ಯನಿಗೆ ಎಲ್ಲ ತಿಳಿಯಿತು. ಹಳ್ಳಿಯ ಹೆಸರಿರುವ ಗ್ರಂಥಕ್ಕೆ ಕೊಳ್ಳುವವರು ಬೆಲೆ ಕೊಡರು. ಅದಕ್ಕೆ ಹಿರೇಬಾವಿಯ ಓಲೆ ತೆಗೆದು ಎಸೆಯುವುದು, ರಾಜಧಾನಿಯ ಓಲೆ ಪೋಣಿಸುವುದು. ಕೂಲಿ ಕೊಡುವಾಗ ಹಿರೇಬಾವಿ, ಮಾರುವಾಗ ರಾಜಧಾನಿ. ಉಂಡೂ ಹೋದ, ಕೊಂಡೂ ಹೋದ ಎನ್ನುತ್ತಾರಲ್ಲ, ಅದು ಇವನ ಮುಂದೆ ಏನೂ ಅಲ್ಲ.

"ನನ್ನ ಓಲೆಯಲ್ಲಿ ಏನಿತ್ತು?" ಎಂದು ಕಲ್ಲಯ್ಯ ವರ್ತಕನನ್ನು ಕೇಳಿದ.

"ಹಿರೇಬಾವಿ ಎಂದಿತ್ತು," ಎಂದ ವರ್ತಕ.

"ಅದರ ಮೇಲೆ ಎರಡು ಸಾಲು ಇತ್ತು. ಅದರಲ್ಲಿ ಏನಿತ್ತು?"

ವರ್ತಕನಿಗೆ ಗೊತ್ತಿರಲಿಲ್ಲ. ಗುಮಾಸ್ತನಿಗೂ ಗೊತ್ತಿರಲಿಲ್ಲ. ಕಲ್ಲಯ್ಯ ಕಣ್ಣು ಮುಚ್ಚಿ ಆ ಎರಡು ಸಾಲನ್ನು ಬಾಯಿಪಾಠವಾಗಿ ಹೇಳಿದ. ಐದು ವರ್ಷದೊಳಗಿನ ಮಕ್ಕಳಿಗೆ ಇದರ ಕಾಲು ಭಾಗ ಮಾತ್ರ, ಅದನ್ನೂ ಹಾಲಿನಲ್ಲಿ ಕಲಸಿ ಎಂದು ಆ ಸಾಲಿನ ಅರ್ಥ. ಬರೆಯುವಾಗ ಮಗಳು ಪಕ್ಕದಲ್ಲೇ ಕೂತಿದ್ದಳು, ಹಾಗಾಗಿ ಆ ಮಾತು ಅವನ ಮನಸ್ಸಿನಲ್ಲಿ ನಿಂತಿತ್ತು.

ವೈದ್ಯ ಅದನ್ನು ಬರೆದುಕೊಂಡ. ವರ್ತಕನನ್ನು ಬಾಯಿಗೆ ಬಂದ ಹಾಗೆ ಬೈದು, ಕೊಟ್ಟ ಹಣ ವಾಪಸು ಕಿತ್ತುಕೊಂಡು ಹೊರಟುಹೋದ. ಕಲ್ಲಯ್ಯನಿಗೆ ಏನು ಕೂಲಿ ಸಿಕ್ಕಿತು, ಯಾಕೆ ಅರ್ಧ ಸಿಕ್ಕಿತು ಎಂದು ಅವನೂ ಕೇಳಲಿಲ್ಲ. ಅವನಿಗೆ ಬೇಕಾದ ಸಾಲು ಅವನಿಗೆ ಸಿಕ್ಕಿತ್ತು.

ಈಗ ಅಂಗಡಿಯಲ್ಲಿ ಉಳಿದವರು ಮೂವರು. ತಪ್ಪಾಯಿತು ಎಂಬ ಒಂದು ಮಾತು ವರ್ತಕನ ಬಾಯಿಂದ ಬರಬಹುದೆಂದು ಕಲ್ಲಯ್ಯ ಕಾದ. ಮಗುವಿನ ಜೀವ ಹೋಗುತ್ತಿತ್ತಲ್ಲ, ಅದಕ್ಕಾದರೂ. ಕಳ್ಳನಿಗೊಂದು ಪಿಳ್ಳೆ ನೆವ. ನೀನು ಆ ಹಾ‍ಳು ಊರಿನ ಹೆಸರನ್ನು ಬರೆಯದೆ ಇದ್ದಿದ್ದರೆ ಇಷ್ಟೆಲ್ಲ ಆಗುತ್ತಿತ್ತೆ, ನಿನ್ನಿಂದ ನನ್ನ ಮಾನ ಹೋಯಿತು ಎಂದು ವರ್ತಕ ಅವನ ಮೇಲೆಯೇ ಹರಿಹಾಯ್ದ.

ಕಲ್ಲಯ್ಯ ಜೀವನದಲ್ಲಿ ಯಾರ ಮೇಲೂ ದನಿ ಎತ್ತಿದವನಲ್ಲ. ಅಂದು ಎತ್ತಿದ. ಬೀದಿಯಲ್ಲಿ ಹೋಗುವವರು ನಿಂತು ಕೇಳಿದರು.

"ರಾಜಧಾನಿಯಲ್ಲಿ ಹಸಿದು ಬಂದು ಕೇಳಿದಾಗ, ಕೂಲಿ ಬರಹಕ್ಕೆ, ಊರಿಗಲ್ಲ ಎಂದಿರಿ. ಊರು ಬಿಟ್ಟು ಹೋದ ಮೇಲೆ, ಕೂಲಿ ಊರಿಗೆ, ಬರಹಕ್ಕಲ್ಲ ಎಂದಿರಿ. ಮಾರುವಾಗ ಮಾತ್ರ ನನ್ನ ಬರಹವೂ ಬೇಕು, ರಾಜಧಾನಿಯ ಹೆಸರೂ ಬೇಕು. ಇದು ಬಾಯೋ, ಬಚ್ಚಲೋ?"

ಅಷ್ಟು ಹೇಳಿ ಅವನು ಬೀದಿಗೆ ಇಳಿದ. ಅಂದಿನಿಂದ ಅವನಿಗೆ ಓಲೆಯ ಕಟ್ಟು ಬರಲಿಲ್ಲ.

ನೀನು ಈಗ ಕಾಯುತ್ತಿದ್ದೀಯ, ನನಗೆ ಗೊತ್ತು. ಅರಸನಿಗೆ ಸುದ್ದಿ ಹೋಯಿತು, ವರ್ತಕನನ್ನು ಕತ್ತೆಯ ಮೇಲೆ ಕೂರಿಸಿ ಮೆರವಣಿಗೆ ಮಾಡಿದರು, ಕಲ್ಲಯ್ಯನಿಗೆ ಬಂಗಾರದ ಕಡಗ ತೊಡಿಸಿದರು ಎಂದು ಹೇಳುತ್ತೇನೆಂದು ಕಾಯುತ್ತಿದ್ದೀಯ. ಹಾಗೇನೂ ಆಗಲಿಲ್ಲ. ವರ್ತಕ ಗುಮಾಸ್ತನಿಗೆ, ಇನ್ನು ಮೇಲೆ ಎರಡು ಸಾಲು ಹಿಂದಿನಿಂದ ನೋಡಿಕೊಂಡು ಓಲೆ ಬದಲಿಸು ಎಂದು ಹೇಳಿದ. ವ್ಯಾಪಾರ ಮುಂಚಿಗಿಂತ ಚೆನ್ನಾಗಿ ನಡೆಯಿತು. ಮುಂದಿನ ವರ್ಷ ಒಂದು ಅನ್ನಛತ್ರವನ್ನೂ ಕಟ್ಟಿಸಿದ. ತನ್ನ ಲಿಪಿಕಾರರ ಬಾಯಿಂದ ಕಿತ್ತ ಮಧ್ಯಾಹ್ನದ ಅನ್ನವನ್ನು ಹಾದಿಹೋಕರಿಗೆ ಬಡಿಸಿ ದಾನಿ ಎನಿಸಿಕೊಂಡ. ಶಾಸನ ಹಾಕಿಸಿದರು ಅವನ ಹೆಸರಿನಲ್ಲಿ.

ಹಿರೇಬಾವಿಯ ಮನೆ ಖಾಲಿಯಾಯಿತು. ಕಲ್ಲಯ್ಯ ಚಂದವ್ವನನ್ನೂ ಮಗಳನ್ನೂ ಕರೆದುಕೊಂಡು ಮತ್ತೆ ಅವಳ ಅಣ್ಣನ ಊರಿಗೆ ನಡೆದ. ಬಾಗಿಲು ಬಂದಾಗ ಮಗಳು ಅವನ ಪಂಚೆಯ ಚುಂಗು ಹಿಡಿದುಕೊಂಡು ಬಿಡಲಿಲ್ಲ. ಚಂದವ್ವ ಒಂದೊಂದೇ ಬೆರಳು ಬಿಡಿಸಿದಳು. ನೀವು ಸುಳ್ಳು ಬರೆಯಲಿಲ್ಲ, ಅದು ಸರಿಯೇ, ಆದರೆ ಅದರ ಬೆಲೆಯನ್ನು ನಾನೂ ಈ ಕೂಸೂ ತೆತ್ತೆವು ಎಂದಳು. ಅವಳ ಮಾತಿನಲ್ಲಿ ತಪ್ಪೇನಿತ್ತು? ಕಲ್ಲಯ್ಯ ರಾಜಧಾನಿಗೆ ವಾಪಸು ಹೋಗಿ ಇನ್ನೊಬ್ಬ ವರ್ತಕನ ಓಲೆ ಹಿಡಿದ. ಈ ಸಲ ಕಿಟಕಿ ಇರುವ ಕೋಣೆ ದಕ್ಕಲಿಲ್ಲ. ಹಗಲೂ ಹಣತೆ ಹಚ್ಚಿಕೊಂಡು ಬರೆದ. ಆರು ವರ್ಷ ಆಗುವ ಹೊತ್ತಿಗೆ ಕಣ್ಣು ಮಂಜಾಯಿತು. ಅವನು ಬರೆದ ಗ್ರಂಥಗಳು ಮಾತ್ರ ಒಂದು ಅಕ್ಷರ ತಪ್ಪಿಲ್ಲದೆ ಇನ್ನೂ ಇವೆ.

ಗುರುಗಳು ನಿಲ್ಲಿಸಿದರು. ಅವರ ಉಸಿರು ಜೋರಾಗಿತ್ತು. ನೀರು ಕುಡಿದರು.

ವರ್ತಕನ ಬಾಯಲ್ಲಿ ಬಂದ ಮಾತು ತನ್ನದೇ ಎಂದು ಪಂಪಾಪತಿಗೆ ಗೊತ್ತಾಗಿತ್ತು. ಆದರೂ ಇಪ್ಪತ್ತು ವರ್ಷ ಕಂಪನಿ ನಡೆಸಿದವನು, ಅಷ್ಟು ಸುಲಭಕ್ಕೆ ಸೋಲುವವನಲ್ಲ.

"ಬುದ್ಧಿ, ನಾನು ಯಾರ ಓಲೆಯನ್ನೂ ಕಿತ್ತು ಎಸೆದಿಲ್ಲ," ಎಂದ. "ಅವಳಿಗೆ ಖರ್ಚು ಕಡಿಮೆಯಾಗಿದೆ. ಅದನ್ನು ನೋಡಿ ಕೊಡುತ್ತೇನೆ ಎಂದೆ, ಅಷ್ಟೇ. ನಾನು ನೋಡಿದ್ದರಲ್ಲಿ ತಪ್ಪೇನು?"

"ಆರು ವರ್ಷದಲ್ಲಿ ಆ ಹೆಣ್ಣುಮಗಳು ಬರೆದದ್ದರಲ್ಲಿ ಒಂದು ಪುಟವನ್ನಾದರೂ ನೀನು ಓದಿದ್ದೀಯಾ?" ಎಂದರು ಗುರುಗಳು.